ಏಳನೇ ಗ್ರೀನಿನ ಅಂಚು ಎಲ್ಲಿತ್ತು?

ಪ್ರಶ್ನೆ: ನಮ್ಮಪ್ಪ ಕುಂದಾಪುರದ ಕಡೆಯವರು. 1961ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಪುಣೆಗೆ ಬಂದು ಇಲ್ಲಿನ ಹಳೇ ಗಾಲ್ಫ್ ಕ್ಲಬ್ಬೊಂದರ ಕ್ಯಾಂಟೀನಿನಲ್ಲಿ ಮೂವತ್ತೈದು ವರ್ಷ ದುಡಿದರು. ಈಗ ನಾನು ಅದೇ ಕ್ಲಬ್ಬಿನ ಸದಸ್ಯ. ಈ ವರ್ಷ ಕೋರ್ಸ್ ನೋಡಿಕೊಳ್ಳುವ ಗ್ರೀನ್ ಕಮಿಟಿಗೂ ಹಾಕಿದ್ದಾರೆ. ನಮ್ಮ ಒಂಬತ್ತು ಹೋಲಿನ ಕೋರ್ಸನ್ನು ‘1930ರ ದಶಕದ ಮೂಲ ರೂಪಕ್ಕೆ ತರುತ್ತೇವೆ’ ಎಂದು ಕಂಪನಿಯೊಂದು ಪ್ರಸ್ತಾವ ಕೊಟ್ಟಿದೆ. ಗ್ರೀನ್ (ಪ್ರತಿ ಹೋಲಿನ ಕೊನೆಗೆ, ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಅಂಗಳ) ಎಲ್ಲ ಕಿತ್ತು ಹೊಸದಾಗಿ ಹಾಕುವುದು, 200 ಮರ ತೆಗೆಯುವುದು, 30 ಹೊಸ ಬಂಕರ್ (ಮರಳಿನ ಗುಂಡಿ) ಮಾಡುವುದು ಅದರಲ್ಲಿದೆ. ಮೂಲ ನಕ್ಷೆ ಯಾರ ಹತ್ತಿರವೂ ಇಲ್ಲ. ಅಪ್ಪ ಮಾತ್ರ, ‘ಏಳನೇ ಗ್ರೀನು ಆಲದ ಮರದ ಹತ್ತಿರದವರೆಗೂ ಇತ್ತು ಮಾರಾಯ, ಈಗ ಅರ್ಧವೂ ಇಲ್ಲ’ ಅನ್ನುತ್ತಾರೆ. ಈ ನೆನಪನ್ನು ನಂಬಬಹುದೇ? ನಕ್ಷೆಯೇ ಇಲ್ಲದ ಮೇಲೆ ಮೂಲ ರೂಪ ಅಂತ ಯಾವುದನ್ನು ಕರೆಯುವುದು?

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಇರಬೇಕು. ಕಣ್ಣಿಂದ ನೋಡದೆ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಧಾರವಾಡದಲ್ಲಿ ಕೃಷಿ ಓದಿ ಬಂದು ಮುಂಬಯಿ, ಪುಣೆ ಸೀಮೆಯಲ್ಲಿ ಮೂವತ್ತು ವರ್ಷ ಹುಲ್ಲು ಕಾಯ್ದವನು ನಾನು. ಐವತ್ತು ವರ್ಷ ದಾಟಿದ ಗ್ರೀನ್ ಕುಗ್ಗದೆ ಉಳಿದದ್ದನ್ನು ಒಂದು ಕಡೆಯೂ ಕಂಡಿಲ್ಲ.

ಕುಗ್ಗಿಸುವುದು ಮೋವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ. ಗ್ರೀನಿನ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರಿಗೆ ಕತ್ತರಿಸುತ್ತೇವೆ, ಸುತ್ತಲಿನದನ್ನು ಅದರ ಮೂರು ಪಟ್ಟಿಗೋ ನಾಲ್ಕು ಪಟ್ಟಿಗೋ ಬಿಡುತ್ತೇವೆ. ಮೋವರ್ ಅಂಚಿನಿಂದ ಹೊರಗೆ ಜಾರಿ ಆಚೆಯ ಎತ್ತರದ ಹುಲ್ಲು ಬೋಳಾದರೆ ಬೈಸಿಕೊಳ್ಳುವವನು ಮಾಳಿ. ಹಾಗಾಗಿ ಅವನು ಯಾವಾಗಲೂ ಎರಡು ಬೆರಳು ಒಳಗೇ ತಿರುಗಿಸುತ್ತಾನೆ. ಬಿಟ್ಟ ಆ ಎರಡು ಬೆರಳು ಬೆಳೆದು ಹೊಸ ಅಂಚಾಗುತ್ತದೆ. ಮಳೆಗಾಲ ಕಳೆದ ಮೇಲೆ ಆ ಹೊಸ ಅಂಚಿನಿಂದ ಮತ್ತೆರಡು ಬೆರಳು. ವರ್ಷಕ್ಕೆ ಮೂರು ಇಂಚು ಹೋಯಿತು ಅಂದುಕೊಂಡರೂ ನಲವತ್ತು ವರ್ಷಕ್ಕೆ ಹತ್ತು ಅಡಿ. ಅರವತ್ತು ಅಡಿ ಅಗಲದ ಗ್ರೀನ್ ಸುತ್ತಲೂ ಹತ್ತು ಹತ್ತು ಅಡಿ ಕಳೆದುಕೊಂಡರೆ ಉಳಿಯುವುದು ನಲವತ್ತು ಅಡಿ. ವಿಸ್ತೀರ್ಣದ ಲೆಕ್ಕ ಹಾಕಿ ನೋಡಿ, ಮೊದಲಿನದರ ನೂರಕ್ಕೆ 44 ಪಾಲು. ‘ಅರ್ಧವೂ ಇಲ್ಲ’ ಎಂದ ನಿಮ್ಮ ತಂದೆಯವರ ಕಣ್ಣಂದಾಜು ಎಷ್ಟು ಸರಿ ಇದೆ ನೋಡಿ.

ಅಳತೆ ಹೋಗಲಿ, ಆಕಾರವೂ ಹೋಗುತ್ತದೆ. ಹಳೆಯ ಗ್ರೀನುಗಳಿಗೆ ಮೂಲೆಗಳಿದ್ದವು, ಕಿವಿ ಮೂಗು ಇದ್ದವು. ಮೋವರಿಗೆ ಮೂಲೆ ಕಂಡರೆ ಆಗುವುದಿಲ್ಲ, ದುಂಡಗೆ ತಿರುಗುವುದೇ ಅದಕ್ಕೆ ಸಲೀಸು. ಹಾಗಾಗಿ ದೇಶದ ಹಳೇ ಕೋರ್ಸುಗಳ ಗ್ರೀನುಗಳೆಲ್ಲ ಈಗ ಕಾವಲಿಯ ಮೇಲಿನ ದೋಸೆಯ ಹಾಗೆ ಒಂದೇ ನಮೂನೆ. ಆಟದ ರುಚಿ ಇದ್ದದ್ದು ಕಳೆದುಹೋದ ಆ ಮೂಲೆಗಳಲ್ಲಿ. ಬಂಕರಿನ ಹಿಂದಿನ ಮೂಲೆಯಲ್ಲಿ ಪಿನ್ (ಕುಳಿಯ ಗುರುತಿನ ಬಾವುಟದ ಕೋಲು) ನೆಟ್ಟರೆ ಆಟಗಾರನಿಗೆ ಬೆವರು. ಈಗ ಬಂಕರಿಗೂ ಗ್ರೀನಿಗೂ ನಡುವೆ ಹದಿನೈದು ಅಡಿ ಹುಲ್ಲು. ಮುಚ್ಚಿದ ಬಾವಿಯ ಮೇಲೆ ಉಳಿದ ರಾಟೆಯ ಹಾಗೆ ಬಂಕರ್ ಸುಮ್ಮನೆ ಕೂತಿರುತ್ತದೆ.

ಇಷ್ಟು ಹೇಳಿದ ಮೇಲೆ, ನೆನಪನ್ನು ಮಣ್ಣಿನ ಹತ್ತಿರ ಸಾಕ್ಷಿಗೆ ಒಯ್ಯುವುದು ಹೇಗೆ ಅಂತ ಹೇಳಬೇಕು. ಇದಕ್ಕೆ ಬೇಕಾದದ್ದು ಒಂದೂವರೆ ಅಡಿ ಉದ್ದದ, ಹೆಬ್ಬೆರಳ ದಪ್ಪದ ಟೊಳ್ಳು ಕಬ್ಬಿಣದ ಕೊಳವೆ. ಒಂದು ಬದಿ ಸೀಳಿರಬೇಕು, ಒಳಗಿನ ಮಣ್ಣು ಕಾಣಲಿಕ್ಕೆ. ಗ್ರೀನುಗಳಿಗೆ ವರ್ಷ ವರ್ಷವೂ ತೆಳುವಾಗಿ ಮರಳು ಹರಡುತ್ತೇವೆ. ಅದರ ಮೇಲೆ ಬೇರು, ಸತ್ತ ಹುಲ್ಲು ಸೇರಿ ಕಪ್ಪು ಗೆರೆಯಾಗುತ್ತದೆ, ಮತ್ತೆ ಮರಳು, ಮತ್ತೆ ಕಪ್ಪು. ಕೊಳವೆ ಇಳಿಸಿ ಮೇಲೆತ್ತಿದರೆ ಚಿರೋಟಿಯ ಪದರದ ಹಾಗೆ ಕಾಣುತ್ತದೆ. ಗ್ರೀನ್ ಆಗಿರದ ಜಾಗದಲ್ಲಿ ಈ ಪದರ ಇರುವುದಿಲ್ಲ, ನೇರ ಎರೆಮಣ್ಣು, ಅದರಡಿ ಗರಸು.

ಪುಣೆಯ ಆಚೆ ಒಂದು ಕಡೆ ಹೀಗೆ ಹುಡುಕಿದ್ದು ನೆನಪಿದೆ. ಏಪ್ರಿಲ್ ತಿಂಗಳ ಬೆಳಗ್ಗೆ ಆರೂವರೆ. ನಾನೂ ಹೆಡ್ ಮಾಳಿಯೂ ಇಬ್ಬರೇ. ಗ್ರೀನಿನ ನಡುವಿನಿಂದ ಹೊರಕ್ಕೆ ಒಂದೊಂದು ಹೆಜ್ಜೆಗೆ ಒಂದೊಂದು ತೂತು. ಈಗಿನ ಅಂಚು ದಾಟಿ ಎತ್ತರದ ಹುಲ್ಲಿಗೆ ಬಂದೆವು. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು. ಮಾಳಿ ಕೊಳವೆ ಎತ್ತಿ, ಮಣ್ಣನ್ನು ಅಂಗೈಗೆ ಸುರಿದುಕೊಂಡು, ಬೆರಳಲ್ಲಿ ಉಜ್ಜಿ, ‘ಸಾಹೇಬ್, ಇಥೇ ರೇತೀ ಆಹೇ’ (ಇಲ್ಲಿ ಮರಳಿದೆ) ಅಂದ. ನಾಲ್ಕು ಬೆರಳು ಮಣ್ಣಿನ ಕೆಳಗೆ ಬೂದು ಮರಳಿನ ಪಟ್ಟಿ ಹಾಗೇ ಮಲಗಿತ್ತು. ಐದನೇ ಹೆಜ್ಜೆಗೆ ಅದು ಕತ್ತರಿಸಿದ ಹಾಗೆ ನಿಂತು ಕರಿ ಎರೆ ಶುರುವಾಯಿತು. ಅಲ್ಲೊಂದು ಕಡ್ಡಿ ನೆಟ್ಟೆವು. ಹೀಗೆ ಸುತ್ತಲೂ ನೆಡುತ್ತ ಹೋದಾಗ ಹತ್ತು ಗಂಟೆಯ ಹೊತ್ತಿಗೆ ಕಡ್ಡಿಗಳೇ ಒಂದು ಆಕಾರ ಬರೆದಿದ್ದವು. ಎಡಗಡೆ ಬಂಕರಿನ ಬೆನ್ನಿಗೆ ಅಂಟಿಕೊಂಡು ಹೋದ ಉದ್ದನೆಯ ಒಂದು ನಾಲಿಗೆ ಅದರಲ್ಲಿತ್ತು. ಕ್ಲಬ್ಬಿನ ಯಾವ ಕಾಗದದಲ್ಲೂ ಅದರ ಸುಳಿವಿರಲಿಲ್ಲ.

ಈಗ ಮೂಲ ರೂಪದ ಮಾತು. ನೀವು ಕುಂದಾಪುರದ ಕಡೆಯವರು, ಹಾಗಾಗಿ ಊರಿನ ಉದಾಹರಣೆಯಲ್ಲೇ ಹೇಳುತ್ತೇನೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬಯಿ ಸಮಿತಿ, ಪುಣೆ ಸಮಿತಿ ಅಂತ ಚಂದಾ ಎತ್ತುವುದು ನಿಮ್ಮ ಮನೆಗೂ ಬಂದಿರುತ್ತದೆ. ಕೆಲವು ಕಡೆ ಸೋರುವ ಮಾಡು ಬಿಚ್ಚಿ, ಕೊಳೆತ ಪಕಾಸು ಬದಲಿಸಿ, ಅದೇ ಗರ್ಭಗುಡಿ ಉಳಿಸುತ್ತಾರೆ. ಇನ್ನು ಕೆಲವು ಕಡೆ ಮುರಕಲ್ಲಿನ ಗುಡಿ ಪೂರ್ತಿ ಕೆಡವಿ ಹೊಳೆಯುವ ಕಲ್ಲಿನಲ್ಲಿ ಹೊಸದು ಕಟ್ಟಿ, ಬ್ರಹ್ಮಕಲಶ ಮಾಡಿ, ಅದಕ್ಕೂ ಜೀರ್ಣೋದ್ಧಾರ ಅಂತಲೇ ಆಮಂತ್ರಣದಲ್ಲಿ ಅಚ್ಚು ಹಾಕಿಸುತ್ತಾರೆ. ಗಾಲ್ಫಿನಲ್ಲೂ ಇದೇ ಕಥೆ. ‘ರೆಸ್ಟೊರೇಶನ್’ ಅಂದರೆ ಇದ್ದದ್ದನ್ನು ಸಾಕ್ಷಿ ಹಿಡಿದು ಮರಳಿ ತರುವುದು. ‘ರೆನೊವೇಶನ್’ ಅಂದರೆ ಹುಲ್ಲು, ನೀರಿನ ಪೈಪು, ಬಸಿಗಾಲುವೆಗಳನ್ನು ಹೊಸದು ಮಾಡುವುದು. ‘ರೀಡಿಸೈನ್’ ಅಂದರೆ ಬೇರೆ ಆಟವನ್ನೇ ಕಟ್ಟುವುದು. ಮೂರೂ ತಪ್ಪಲ್ಲ. ದೆಹಲಿ ಗಾಲ್ಫ್ ಕ್ಲಬ್ಬನ್ನು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ತಿದ್ದಿದರು, 2019ರಲ್ಲಿ ಗ್ಯಾರಿ ಪ್ಲೇಯರ್ ಅವರ ತಂಡ ಮತ್ತೆ ಹೊಸದು ಮಾಡಿತು. ಅದನ್ನು ಜೀರ್ಣೋದ್ಧಾರ ಎಂದು ಕರೆಯಲಾಗದು. ನಿಮಗೆ ಬಂದ ಪ್ರಸ್ತಾವ ಮೂರನೆಯ ಕೆಲಸಕ್ಕೆ ಮೊದಲನೆಯದರ ಹೆಸರಿಟ್ಟಿದೆ. ನಕ್ಷೆ ಇಲ್ಲ, ಫೋಟೋ ಇಲ್ಲ, ಒಂದು ತೂತೂ ತೆಗೆದಿಲ್ಲ, ಆದರೆ ಬಂಕರ್ ಮೂವತ್ತು ಅಂತ ಲೆಕ್ಕ ಮಾತ್ರ ಸಿಕ್ಕಿಬಿಟ್ಟಿದೆ! ಊರಲ್ಲಿ ಅಷ್ಟಮಂಗಲ ಪ್ರಶ್ನೆ ಇಡದೆ ಗುಡಿಗೆ ಕೈ ಹಾಕುತ್ತಾರೆಯೇ?

ನಮ್ಮ ಹಳೇ ಕೋರ್ಸುಗಳ ಮೂಲ ಸ್ವಲ್ಪ ವಿಚಿತ್ರ. ಕಲ್ಕತ್ತಾದಲ್ಲಿ 1829ರಲ್ಲೇ ಕ್ಲಬ್ಬು ಆಯಿತು, ಬ್ರಿಟಿಷ್ ದ್ವೀಪಗಳ ಹೊರಗೆ ಅದೇ ಮೊದಲು. ಬೊಂಬಾಯಿಯಲ್ಲಿ 1842ರಲ್ಲಿ ಶುರುವಾಯಿತು. ಆ ಬೊಂಬಾಯಿ ಕ್ಲಬ್ಬು ಕಣ್ಮುಚ್ಚಿ ಎಷ್ಟೋ ಕಾಲವಾಯಿತು, ಆದರೆ ಅದು ಕೊಟ್ಟ ಬೆಳ್ಳಿ ಪದಕಕ್ಕೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಇಂದಿಗೂ ವಸಂತಕಾಲದ ಸ್ಪರ್ಧೆಯಲ್ಲಿ ಆಡುತ್ತಾರೆ, ‘ಬಾಂಬೆ ಮೆಡಲ್’ ಅಂತಲೇ ಹೆಸರು. ಮುಂದೆ 1917ರಲ್ಲಿ ಗವರ್ನರ್ ಲಾರ್ಡ್ ವಿಲಿಂಗ್ಡನ್ ಭಾರತೀಯರಿಗೂ ಬಾಗಿಲು ತೆರೆದ ವಿಲಿಂಗ್ಡನ್ ಕ್ಲಬ್ ಕಟ್ಟಿದರು. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರದು. ದೊಡ್ಡ ಹೆಸರಿನ ಇಂಥವು ಬಿಟ್ಟರೆ ದಂಡು ಪ್ರದೇಶದ, ರೈಲ್ವೆ ಊರಿನ, ಗಣಿ ಊರಿನ ಕೋರ್ಸುಗಳಿಗೆ ವಿನ್ಯಾಸಕಾರ ಅಂತ ಒಬ್ಬ ಇರುತ್ತಿದ್ದದ್ದೇ ಕಡಿಮೆ. ಯಾರೋ ಕರ್ನಲ್ಲು, ಯಾರೋ ಎಂಜಿನಿಯರು ಭಾನುವಾರ ಬೆಳಗ್ಗೆ ನಡೆದು ಗೂಟ ಹೊಡೆದದ್ದು. ಕೈಯಲ್ಲಿ ಬುಲ್ಡೋಜರ್ ಇಲ್ಲ, ಹಾಗಾಗಿ ನೆಲ ಹೇಗಿತ್ತೋ ಹಾಗೇ ಬಳಸಿದರು. ನಾಲಾ ಇದ್ದಲ್ಲಿ ಅದನ್ನೇ ದಾಟಿಸಿದರು, ದಿಬ್ಬ ಇದ್ದಲ್ಲಿ ಅದರ ಭುಜದ ಮೇಲೆ ಗ್ರೀನ್ ಕೂರಿಸಿದರು. ನಿಮ್ಮದೂ ಅಂಥದ್ದಾಗಿದ್ದರೆ ನಾಚಿಕೆಪಡಬೇಕಾದ್ದಿಲ್ಲ. ಗಾಲ್ಫಿನ ತವರಾದ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸಿಗೂ ವಿನ್ಯಾಸಕಾರನಿಲ್ಲ. ಗಾಳಿ, ಕುರಿ, ಮೊಲ, ಕಾಲ್ತುಳಿತ ಸೇರಿ ಮಾಡಿದ್ದದು. ಅಲ್ಲಿನ 22 ಹೋಲುಗಳನ್ನು 18ಕ್ಕೆ ಇಳಿಸಿದ್ದು 1764ರಲ್ಲಿ.

ವಿನ್ಯಾಸ ಅನ್ನುವುದೊಂದು ಕಸುಬಾಗಿ ಮೆರೆದದ್ದು ಇಪ್ಪತ್ತನೇ ಶತಮಾನದ ಮೊದಲ ಮೂವತ್ತು ನಲವತ್ತು ವರ್ಷ. ರಬ್ಬರ್ ನೂಲು ಸುತ್ತಿದ ಹ್ಯಾಸ್ಕೆಲ್ ಚೆಂಡು 1899ರಲ್ಲಿ ಪೇಟೆಂಟ್ ಆಯಿತು. ಗಟ್ಟಾ-ಪರ್ಚಾ ಅಂಟಿನ ಹಳೇ ಚೆಂಡಿಗಿಂತ ಅದು ದೂರ ಹಾರಿತು, ಹಳೇ ಕೋರ್ಸುಗಳೆಲ್ಲ ಗಿಡ್ಡವಾದವು, ಹೊಸದಾಗಿ ಯೋಚಿಸುವವರಿಗೆ ಕೆಲಸ ಬಂತು. ಅವರಲ್ಲಿ ನನಗೆ ಹೆಚ್ಚು ಇಷ್ಟವಾದವರು ಡಾಕ್ಟರ್ ಅಲಿಸ್ಟರ್ ಮೆಕೆಂಜಿ. ನಿಜವಾಗಿಯೂ ವೈದ್ಯರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಹೋದಾಗ ಬೋಯರ್ ರೈತರು ನೆಲದ ಉಬ್ಬುತಗ್ಗಿನಲ್ಲೇ ಹೇಗೆ ಮರೆಯಾಗುತ್ತಾರೆ ಎಂದು ಗಮನಿಸಿದರು, ಮುಂದೆ ಸೈನ್ಯಕ್ಕೆ ಆ ಮರೆಮಾಚುವ ವಿದ್ಯೆಯನ್ನೇ ಕಲಿಸಿದರು. ಅದೇ ಕಣ್ಣು ಗಾಲ್ಫಿಗೂ ಬಂತು. ಮನುಷ್ಯ ಮಾಡಿದ ದಿಬ್ಬ ದೇವರು ಮಾಡಿದ ದಿಬ್ಬದ ಹಾಗೆ ಕಾಣಬೇಕು ಅನ್ನುವುದು ಅವರ ಹಠ. 1920ರಲ್ಲಿ ಅವರು ಹದಿಮೂರು ಸೂತ್ರ ಬರೆದರು. ಅದರಲ್ಲೊಂದು, ಕೋರ್ಸು ಬೇಸಿಗೆಯಲ್ಲೂ ಚಳಿಗಾಲದಲ್ಲೂ ಒಂದೇ ಸಮ ಚೆನ್ನಾಗಿರಬೇಕು ಅನ್ನುವುದು. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮುಂಬಯಿಗೆ ಅವರು ಬಂದು ನೋಡಬೇಕಿತ್ತು!

ಆ ಕಾಲದ ವಿನ್ಯಾಸದ ತಿರುಳು ಏನೆಂದರೆ ಆಟಗಾರನಿಗೆ ದಾರಿ ಆರಿಸಿಕೊಳ್ಳಲು ಬಿಡುವುದು. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಕೋರ್ಸಿನ 15ನೇ ಹೋಲ್ ನೋಡಿ, ‘ರೆಡಾನ್’ ಅಂತ ಹೆಸರು, ಕ್ರಿಮಿಯಾ ಯುದ್ಧದ ಕೋಟೆಯೊಂದರ ಹೆಸರದು. ಗ್ರೀನ್ ಅಡ್ಡಕ್ಕೆ, ಓರೆಯಾಗಿ ಮಲಗಿದೆ. ಮುಂದಿನ ಬಲ ಮೂಲೆ ಎತ್ತರ, ಹಿಂದಿನ ಎಡ ಮೂಲೆ ತಗ್ಗು. ಎಡಗಡೆ ಆಳವಾದ ಬಂಕರ್. ಧೈರ್ಯವಿದ್ದವನು ಬಂಕರಿನ ಮೇಲೆ ನೇರ ಪಿನ್ನಿಗೆ ಹೊಡೆಯುತ್ತಾನೆ. ಬುದ್ಧಿವಂತ ಬಲ ಭುಜಕ್ಕೆ ಬೀಳಿಸಿ, ಚೆಂಡು ತಾನೇ ಉರುಳಿ ಎಡಕ್ಕೆ ಇಳಿಯುವುದನ್ನು ನೋಡುತ್ತ ನಿಲ್ಲುತ್ತಾನೆ. ಅಮೆರಿಕದ ಸಿ. ಬಿ. ಮೆಕ್‌ಡೊನಾಲ್ಡ್ ಈ ಒಂದು ಉಪಾಯವನ್ನು ಎತ್ತಿಕೊಂಡು ಹೋಗಿ ತನ್ನ ಕೋರ್ಸುಗಳಲ್ಲಿ ಮತ್ತೆ ಮತ್ತೆ ಕಟ್ಟಿದ. ರಜೆಗೆಂದು ಊರಿಗೆ ಹೋಗಿ ಬರುತ್ತಿದ್ದ ನಮ್ಮ ದಂಡಿನ ಸಾಹೇಬರ ತಲೆಯಲ್ಲೂ ಇಂಥ ಹೋಲುಗಳು ಇದ್ದಿರಬೇಕಷ್ಟೆ. ನಿಮ್ಮ ಏಳನೆಯದು ಹಾಗಿದೆ ಎಂದು ನಾನು ಹೇಳುತ್ತಿಲ್ಲ, ನೋಡದೆ ಹೇಳಬಾರದು. ಆದರೆ ಕೊಳವೆ ಇಳಿಸುವಾಗ ಗ್ರೀನ್ ಯಾವ ಕಡೆಗೆ ಓರೆಯಾಗಿತ್ತು, ಯಾವ ಬಂಕರಿನ ಹಿಂದೆ ಮೂಲೆ ಇತ್ತು ಎಂದು ಹುಡುಕಿ. ಗೂಟ ಹೊಡೆದವನ ಯೋಚನೆ ಅಲ್ಲಿ ಸಿಗುತ್ತದೆ.

ಇನ್ನೊಂದು ತೊಡಕು: ಯಾವ ವರ್ಷದ ಮೂಲ? 1930ರ ದಶಕದಲ್ಲಿ ದಖ್ಖನಿನ ಒಣ ಊರುಗಳಲ್ಲಿ ಎಷ್ಟೋ ಕಡೆ ಗ್ರೀನ್ ಅಂದರೆ ಹುಲ್ಲೇ ಇರಲಿಲ್ಲ. ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ‘ಬ್ರೌನ್’ ಇರುತ್ತಿತ್ತು. ಪಟ್ ಮಾಡುವ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಮುಂಚೆ ಬ್ಯಾಗು ಹೊರುವ ಕ್ಯಾಡಿ ಹುಡುಗ ಹಲಗೆ ಎಳೆದು ಹೆಜ್ಜೆ ಗುರುತು ಅಳಿಸಬೇಕು. ನಿಮ್ಮ ಕಂಪನಿಯವರು 1930ಕ್ಕೆ ಒಯ್ಯುತ್ತೇವೆ ಅಂದರೆ ಕೇಳಿ, ಎಣ್ಣೆ ಎಷ್ಟು ಡ್ರಮ್ಮು ತರಿಸುತ್ತೀರಿ ಅಂತ. ನಿಮ್ಮ ತಂದೆಯವರು ಬಂದದ್ದು 1961ರಲ್ಲಿ, ಅವರು ಕಂಡದ್ದು ಹುಲ್ಲಿನ ಗ್ರೀನು. ನನ್ನ ಅಭಿಪ್ರಾಯ ಕೇಳಿದರೆ, ಸಾಕ್ಷಿ ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟೇ ಹಿಂದಕ್ಕೆ ಹೋಗಿ. 1961ರ ಕೋರ್ಸೂ ಮರಳಿ ತರಲು ಯೋಗ್ಯವಾದದ್ದೇ.

ಗ್ರೀನಿನ ಮೇಲೆ ಈಗ ಇರಬೇಕಾದ ಹುಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ಚೌತಿಗೆ ಗಣಪತಿಗೆ ಏರಿಸುವ ಗರಿಕೆಯೇ ಬರ್ಮುಡಾ ಹುಲ್ಲು. ಅದನ್ನು ಅದರ ಆಫ್ರಿಕದ ದಾಯಾದಿಯ ಜೊತೆ ಕೂಡಿಸಿ ಅಮೆರಿಕದ ಟಿಫ್ಟನ್ ಅನ್ನುವ ಊರಿನಲ್ಲಿ ತೆಗೆದ ತಳಿಗಳಿಗೆ ‘ಟಿಫ್’ ಅಂತ ಹೆಸರು ಶುರುವಾಗುತ್ತದೆ. ಅವು ತೀರಾ ಗಿಡ್ಡಕ್ಕೆ ಕತ್ತರಿಸಿದರೂ ತಾಳುತ್ತವೆ. ಹುಲ್ಲು ಹೊಸದಾದರೆ ಜೀರ್ಣೋದ್ಧಾರಕ್ಕೆ ಮೈಲಿಗೆಯೇನೂ ಆಗುವುದಿಲ್ಲ.

ಆದರೆ ಆ ಗಿಡ್ಡ ಹುಲ್ಲೇ ಒಂದು ಪೇಚಿಗೆ ಸಿಕ್ಕಿಸುತ್ತದೆ, ಇದನ್ನು ಕಮಿಟಿಯಲ್ಲಿ ದಯವಿಟ್ಟು ಎತ್ತಿ. ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರ್ ಅನ್ನುವ ಪಟ್ಟಿ ಇದೆ. ಮೂರಡಿ ಉದ್ದದ, ನಡುವೆ ಕಾಲುವೆ ಇರುವ ಪಟ್ಟಿ. ಅದರ ಮೇಲಿಂದ ಚೆಂಡು ಜಾರಿಸಿ ಎಷ್ಟು ಅಡಿ ಉರುಳಿತು ಎಂದು ಅಳೆಯುತ್ತಾರೆ. ಎಡ್ವರ್ಡ್ ಸ್ಟಿಂಪ್ಸನ್ ಅನ್ನುವವರಿಗೆ ಇದು ಹೊಳೆದದ್ದು 1935ರಲ್ಲಿ. ಅಮೆರಿಕದ ಗಾಲ್ಫ್ ಸಂಸ್ಥೆ 1970ರ ದಶಕದಲ್ಲಿ ಅದನ್ನು ಹಿಡಿದು ದೇಶವೆಲ್ಲ ಅಳೆದಾಗ ಸರಾಸರಿ ಬಂದದ್ದು ಆರೂವರೆ ಅಡಿ. ಈಗಿನ ಕ್ಲಬ್ಬುಗಳಲ್ಲಿ ಒಂಬತ್ತು ಹತ್ತು ಮಾಮೂಲು, ಟೂರ್ನಿಗಳಲ್ಲಿ ಹನ್ನೆರಡೂ ದಾಟುತ್ತದೆ. ಹಳೇ ಗ್ರೀನುಗಳಲ್ಲಿ ನೂರು ಅಡಿಗೆ ನಾಲ್ಕೈದು ಅಡಿ ಇಳಿಜಾರು ಇರುತ್ತಿತ್ತು, ಆ ನಿಧಾನದ ಹುಲ್ಲಿಗೆ ಅದು ಸರಿಯೂ ಆಗಿತ್ತು. ಹನ್ನೊಂದು ಅಡಿ ವೇಗದಲ್ಲಿ ಅದೇ ಇಳಿಜಾರಿನಲ್ಲಿ ಚೆಂಡು ನಿಲ್ಲುವುದೇ ಇಲ್ಲ, ನೂರಕ್ಕೆ ಮೂರು ದಾಟಿದರೆ ಪಿನ್ ನೆಡಲು ಜಾಗವಿಲ್ಲ. ಆಗ ಸದಸ್ಯರು, ಗ್ರೀನ್ ಸಪಾಟು ಮಾಡಿ ಅನ್ನುತ್ತಾರೆ. ಸಪಾಟು ಮಾಡಿದ ಕೂಡಲೇ ತೊಂಬತ್ತು ವರ್ಷದ ಗ್ರೀನ್ ಸತ್ತ ಹಾಗೆಯೇ. ಬೇರೆ ದಾರಿ ಸುಲಭ ಇದೆ. ಮೋವರ್ ಒಂದು ಮಿಲಿಮೀಟರ್ ಏರಿಸಿ. ಖರ್ಚು ಸೊನ್ನೆ. ಟಿವಿಯಲ್ಲಿ ಗಾಜಿನಂಥ ಗ್ರೀನ್ ನೋಡಿ ಬಂದವರಿಗೆ ಇದನ್ನು ಒಪ್ಪಿಸುವುದಕ್ಕೆ ಮಾತ್ರ ನನ್ನ ಅರ್ಧ ಆಯುಸ್ಸು ಹೋಯಿತು.

ಜೀರ್ಣೋದ್ಧಾರ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅಮೆರಿಕದ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ಎರಡನೇ ನಂಬರ್ ಕೋರ್ಸನ್ನು. ಸ್ಕಾಟ್ಲೆಂಡಿನ ಡಾರ್ನಕ್ ಊರಿನ ಡೊನಾಲ್ಡ್ ರಾಸ್ ಅದನ್ನು 1907ರಲ್ಲಿ ಮಾಡಿ, ಸಾಯುವ ತನಕ, ಅಂದರೆ 1948ರ ತನಕ ತಿದ್ದುತ್ತಲೇ ಇದ್ದರು. ಮರಳು ನೆಲ, ಅಲ್ಲಲ್ಲಿ ಒರಟು ಹುಲ್ಲಿನ ಪೊದೆ. ಅವರು ಹೋದ ಮೇಲೆ ನೀರಿನ ಪೈಪು ಹೆಚ್ಚಿತು, ಎಲ್ಲಿ ನೋಡಿದರೂ ಹಸಿರು ಹಾಸಿತು, ಊರಿಗೊಂದು ಸಿಗುವ ಕೋರ್ಸಿನ ಹಾಗೆ ಆಯಿತು. 2010ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಕೆಲಸಕ್ಕೆ ಇಳಿದರು. ಅವರ ಕೈಗೆ 1943ರಲ್ಲಿ ವಿಮಾನದಿಂದ ತೆಗೆದ ಫೋಟೋಗಳು ಸಿಕ್ಕವು. ನೆಲದಲ್ಲಿ ಹಳೇ ಕಾಲದ ಒಂಟಿ ಸಾಲಿನ ನೀರಿನ ಪೈಪೂ ಸಿಕ್ಕಿತು. ಆ ಪೈಪು ಫೇರ್‌ವೇಯ (ಗ್ರೀನಿನವರೆಗೆ ಹೋಗುವ ಕತ್ತರಿಸಿದ ಹುಲ್ಲಿನ ಹಾದಿಯ) ನಟ್ಟನಡುವೆ ಹೋಗುತ್ತಿದ್ದದ್ದು, ಹಾಗಾಗಿ ಫೇರ್‌ವೇ ಎಲ್ಲಿತ್ತು, ನೀರು ಎಷ್ಟು ದೂರ ಚಿಮ್ಮುತ್ತಿತ್ತು, ಎಲ್ಲಿಂದಾಚೆ ಹುಲ್ಲು ಒಣಗುತ್ತಿತ್ತು ಎಲ್ಲವನ್ನೂ ಅದೇ ಹೇಳಿತು! 35 ಎಕರೆಗೂ ಹೆಚ್ಚು ಹುಲ್ಲು ಕಿತ್ತರು. ಸುಮಾರು 1,150 ಇದ್ದ ಸ್ಪ್ರಿಂಕ್ಲರ್‌ಗಳು ಸುಮಾರು 450ಕ್ಕೆ ಇಳಿದವು. 2014ರಲ್ಲಿ ಒಂದರ ಹಿಂದೊಂದು ವಾರ ಗಂಡಸರ, ಹೆಂಗಸರ ಯುಎಸ್ ಓಪನ್ ಎರಡೂ ಅಲ್ಲೇ ನಡೆದವು. ಟಿವಿಯಲ್ಲಿ ಕಂದು ಬಣ್ಣ ನೋಡಿ, ಕೋರ್ಸು ಒಣಗಿಹೋಗಿದೆ ಎಂದು ಗೊಣಗಿದವರೂ ಇದ್ದರು. ಪುಣೆಯ ಬೇಸಿಗೆಗೆ ಈ ಪಾಠ ತುಂಬ ಹೊಂದುತ್ತದೆ, ನೀರಿನ ಟ್ಯಾಂಕರ್ ಬಿಲ್ಲು ಕಟ್ಟುವವರಿಗೆ ಇನ್ನೂ ಹೆಚ್ಚು.

ಮರಗಳ ವಿಷಯಕ್ಕೆ ಬಂದರೆ ನಿಮ್ಮ ಕಂಪನಿ ನೋಡಿ ಬಂದದ್ದು ಪ್ರಾಯಶಃ ಪಿಟ್ಸ್‌ಬರ್ಗ್ ಹತ್ತಿರದ ಓಕ್‌ಮಾಂಟ್. ಹೆನ್ರಿ ಫೌನ್ಸ್ 1903ರಲ್ಲಿ ಬಯಲಿನಲ್ಲಿ ಕಟ್ಟಿದ್ದ ಕೋರ್ಸದು. ಆಮೇಲೆ ಸಾವಿರಾರು ಮರ ನೆಟ್ಟರು, 1990ರ ದಶಕದಿಂದ ಸಾವಿರಾರು ಮರ ಕಡಿದು ಮತ್ತೆ ಬಯಲು ಮಾಡಿದರು. ಅಲ್ಲಿ ಸರಿ. ಇಲ್ಲಿ ನಗರ ಪ್ರದೇಶದಲ್ಲಿ ಮರ ಮುಟ್ಟಬೇಕಾದರೆ ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. 2021ರ ತಿದ್ದುಪಡಿಯಿಂದ ಐವತ್ತು ವರ್ಷ ದಾಟಿದ ಮರ ಪಾರಂಪರಿಕ ಮರದ ಪಟ್ಟಿಗೆ ಬರುತ್ತದೆ. ಕಾನೂನು ಬಿಡಿ, ಮೇ ತಿಂಗಳ ಹನ್ನೊಂದು ಗಂಟೆಗೆ ನೆರಳಿಲ್ಲದ ಫೇರ್‌ವೇಯಲ್ಲಿ ಬ್ಯಾಗು ಹೊರುವವನು ಕ್ಯಾಡಿ, ಪ್ರಸ್ತಾವ ಬರೆದವನಲ್ಲ. ಎಲ್ಲ ಮರವೂ ಒಂದೇ ಅಂತಲೂ ಅಲ್ಲ. ಆಲ, ಬೇವು, ಮಾವು ಮುಟ್ಟಬೇಡಿ. ಇತ್ತೀಚಿನ ದಶಕಗಳಲ್ಲಿ ಬೇಗ ಬೆಳೆಯುತ್ತದೆ ಎಂದು ನೆಟ್ಟ ಸುಬಾಬುಲ್, ಗೊಬ್ಬರದ ಗಿಡ ಇವು ಗ್ರೀನಿನ ಪೂರ್ವಕ್ಕೆ ಒತ್ತಾಗಿ ನಿಂತಿದ್ದರೆ ಬೆಳಗಿನ ಬಿಸಿಲು ತಡೆಯುತ್ತವೆ. ಗರಿಕೆಗೆ ಬಿಸಿಲಿಲ್ಲದಿದ್ದರೆ ಜೀವವಿಲ್ಲ. ಮಳೆಗಾಲದಲ್ಲಿ ಮೊದಲು ಪಾಚಿ ಹಿಡಿಯುವುದು ಅಂಥ ಗ್ರೀನುಗಳಿಗೇ. ನೀವೇ ಒಂದು ದಿನ ಬೆಳಗ್ಗೆ ಏಳಕ್ಕೆ, ಒಂಬತ್ತಕ್ಕೆ, ಹನ್ನೊಂದಕ್ಕೆ ಒಂಬತ್ತೂ ಗ್ರೀನಿಗೆ ಹೋಗಿ ನೆರಳಿನ ಗೆರೆಯನ್ನು ಸುಣ್ಣದಲ್ಲಿ ಎಳೆಯಿರಿ. 200 ಅನ್ನುವ ಸಂಖ್ಯೆ ಹದಿನೈದು ಇಪ್ಪತ್ತಕ್ಕೆ ಇಳಿಯದಿದ್ದರೆ ನನಗೆ ಬರೆಯಿರಿ.

ಕಾಗದದ ಸಾಕ್ಷಿ ಎಲ್ಲಿ ಸಿಗುತ್ತದೆ? ನಕ್ಷೆ ಇಲ್ಲ ಅಂದಿರಿ. ಕ್ಲಬ್ಬಿನ ಗೋಡೆಯ ಮೇಲಿರುವ ಬಹುಮಾನ ವಿತರಣೆಯ ಫೋಟೋಗಳನ್ನು ಇಳಿಸಿ ನೋಡಿ. ಸಾಹೇಬರ ಮುಖ ಬಿಡಿ, ಅವರ ಹೆಗಲ ಹಿಂದೆ ಏನಿದೆ ನೋಡಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೇ ಹಾಳೆಗಳಲ್ಲಿ ನಾಲಾ, ಬಾವಿ, ಕಾಲುದಾರಿ ಸಿಗುತ್ತವೆ. ಇನ್ನೊಂದು ನಿಧಿ ಇದೆ. ಅಮೆರಿಕ 1960ರಿಂದ 1972ರವರೆಗೆ ‘ಕರೋನಾ’ ಅನ್ನುವ ಬೇಹುಗಾರಿಕೆಯ ಉಪಗ್ರಹಗಳನ್ನು ಹಾರಿಸಿತ್ತು. ಆ ಚಿತ್ರಗಳ ಗುಟ್ಟನ್ನು 1995ರಲ್ಲಿ ಬಿಟ್ಟುಕೊಟ್ಟಿತು. ಅವರ ಭೂಗರ್ಭ ಸರ್ವೇಕ್ಷಣಾ ಇಲಾಖೆಯಿಂದ ಯಾರು ಬೇಕಾದರೂ ತರಿಸಿಕೊಳ್ಳಬಹುದು. 1967ರ ನಂತರದ ಒಳ್ಳೆಯ ಚಿತ್ರಗಳಲ್ಲಿ ಆರಡಿ ಅಗಲದ ವಸ್ತುವೂ ಚುಕ್ಕೆಯಾಗಿ ಕಾಣುತ್ತದೆ. ಬಂಕರ್, ಗ್ರೀನ್ ಇವೆರಡೂ ಅದಕ್ಕಿಂತ ದೊಡ್ಡವು. ಮೋಡವಿಲ್ಲದ ನವೆಂಬರಿನಿಂದ ಫೆಬ್ರವರಿಯ ಒಳಗಿನದನ್ನು ಹುಡುಕಿ. ಬೇಹುಗಾರರಿಗೆ ಬೇಕಿದ್ದದ್ದು ವಿಮಾನ ನಿಲ್ದಾಣ ಮತ್ತು ದಂಡು. ಗಾಲ್ಫ್ ಕೋರ್ಸುಗಳು ಎಷ್ಟೋ ಸಲ ಅವುಗಳ ಪಕ್ಕದಲ್ಲೇ ಇರುವುದು ನಮ್ಮ ಪುಣ್ಯ.

ಆದರೂ ಕ್ಯಾಡಿಗಳನ್ನೂ ಮಾಳಿಗಳನ್ನೂ ಕೇಳದೆ ಯಾವ ಫೋಟೋವನ್ನೂ ಪೂರ್ತಿ ನಂಬಬೇಡಿ. ಈ ದೇಶದ ಗಾಲ್ಫನ್ನು ಒಳಗಿಂದ ಬಲ್ಲವರು ಅವರೇ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್ ಕ್ಯಾಡಿಯಾಗಿದ್ದವರು. 2016, 2017ರಲ್ಲಿ ಸತತ ಗೆದ್ದ ಎಸ್. ಎಸ್. ಪಿ. ಚೌರಾಸಿಯಾ ರಾಯಲ್ ಕಲ್ಕತ್ತಾದ ಗ್ರೀನ್ ಕೀಪರನ ಮಗ. ನನ್ನ ದೊಡ್ಡ ತಪ್ಪು ನಡೆದದ್ದೂ ಅವರನ್ನು ಕೇಳದೆ ಇದ್ದದ್ದಕ್ಕೇ. ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಮುಂಬಯಿ ಹತ್ತಿರದ ಒಂದು ಕ್ಲಬ್ಬು. ನಾಲ್ಕನೇ ಗ್ರೀನಿನ ಎಡಕ್ಕೆ ಸೊಂಟದೆತ್ತರದ ಒಂದು ಗುಡ್ಡೆ ಇತ್ತು, ಮೇಲೆಲ್ಲ ಲಂಟಾನ. ಯಾವ ಕಾಲದಲ್ಲೋ ಚರಂಡಿ ತೋಡಿ ಎಸೆದ ಮಣ್ಣು ಅಂದುಕೊಂಡು ಎರಡು ದಿನದಲ್ಲಿ ಸಾಫು ಮಾಡಿಸಿದೆ. ಕಮಿಟಿಯವರು ಬೆನ್ನು ತಟ್ಟಿದರು. ಜೂನ್ ಬಂತು. ಗುಡ್ಡದ ನೀರೆಲ್ಲ ಆ ಗುಡ್ಡೆಗೆ ಬಡಿದು ಪಕ್ಕಕ್ಕೆ ತಿರುಗಿ ನಾಲಾಕ್ಕೆ ಹೋಗುತ್ತಿತ್ತು ಅಂತ ಆಗ ತಿಳಿಯಿತು. ಈಗ ನೇರ ಗ್ರೀನಿನ ಮೇಲೆ ಬಂದು ಕೆಸರು ಹಾಸಿತು. ಮುಂದಿನ ವರ್ಷ ಹಳೇ ಸದಸ್ಯರೊಬ್ಬರ ಮನೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಸಿಕ್ಕಿತು. ಅದೇ ಗುಡ್ಡೆ, ಕತ್ತರಿಸಿ ಒಪ್ಪ ಮಾಡಿದ ಹುಲ್ಲು, ಮೇಲೆ ಮೂವರು ಕ್ಯಾಡಿ ಹುಡುಗರು ಕಾಲು ಇಳಿಬಿಟ್ಟು ಕೂತಿದ್ದಾರೆ. ಎಡಕ್ಕೆ ತಪ್ಪಿದ ಚೆಂಡು ಅದಕ್ಕೆ ತಾಗಿ ಒಳಗೆ ಬರಲಿ ಅಂತ ಕಟ್ಟಿದ ಗುಡ್ಡೆ. ನೀರಿಗೂ ಅದೇ, ಆಟಕ್ಕೂ ಅದೇ. ಹಿರಿಯ ಮಾಳಿಗೆ ಇದು ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂದೆ. ನೀವು ಕೇಳಲಿಲ್ಲವಲ್ಲ ಅಂದ.

ಪ್ರಸ್ತಾವಕ್ಕೆ ಏನು ಉತ್ತರ ಬರೆಯಬೇಕು ಅಂತ ಕೊನೆಗೆ ಕೇಳುತ್ತೀರಿ. ಎಲ್ಲ ಗ್ರೀನ್ ಕೀಳುವುದಕ್ಕೆ ಒಪ್ಪಬೇಡಿ. ಅಮೆರಿಕದ ಗಾಲ್ಫ್ ಸಂಸ್ಥೆಯ 1960ರ ಮಾದರಿಯಲ್ಲಿ ಅಡಿಗೆ ಜಲ್ಲಿ, ಮೇಲೆ ಒಂದಡಿ ಮರಳಿನ ಮಿಶ್ರಣ ಹಾಕಿ ಕಟ್ಟುವುದು ಮಳೆಯ ಊರಿಗೆ ಒಳ್ಳೆಯದೇ, ಆದರೆ ಕಿತ್ತ ದಿನವೇ ಮೂಲ ಉಬ್ಬುತಗ್ಗು ಹೋಯಿತು. ಕೀಳಲೇಬೇಕಾದರೆ ಮೊದಲು ಅಂಗುಲ ಅಂಗುಲ ಅಳೆದು ದಾಖಲಿಸಿ, ಅದೂ ನೀರು ನಿಲ್ಲುವ ಒಂದೆರಡು ಗ್ರೀನ್ ಮಾತ್ರ. ಉಳಿದವಕ್ಕೆ ಕಡ್ಡಿ ನೆಟ್ಟು, ಮೋವರನ್ನು ವಾರಕ್ಕೊಂದಿಷ್ಟು ಹೊರಕ್ಕೆ ತಳ್ಳುತ್ತ, ಮರಳು ಹರಡುತ್ತ ಹೋದರೆ ಒಂದೆರಡು ಮಳೆಗಾಲದಲ್ಲಿ ಹಳೇ ಅಂಚು ತಾನೇ ಬರುತ್ತದೆ. ಬಂಕರ್ ಕೊನೆಗೆ ನೋಡಿದರಾಯಿತು. ದಶಕಗಳ ಕಾಲ ಆಟಗಾರರು ಚಿಮ್ಮಿಸಿದ ಮರಳು ಬಂಕರಿನ ತುಟಿಯ ಮೇಲೆ ಕೂತು ಅದನ್ನು ಎತ್ತರಿಸಿರುತ್ತದೆ. ಅಲ್ಲೂ ಕೊಳವೆ ಇಳಿಸಿದರೆ ಮೊದಲಿನ ಎತ್ತರ ತಿಳಿಯುತ್ತದೆ. ಮೂವತ್ತು ಬೇಕೋ ಮೂರು ಬೇಕೋ ಆಗ ಹೇಳಬಹುದು.

ಅದಕ್ಕೂ ಮುಂಚೆ ತಂದೆಯವರನ್ನು ಒಮ್ಮೆ ಕರೆದುಕೊಂಡು ಹೋಗಿ. ಮಧ್ಯಾಹ್ನ ಬೇಡ, ಚಳಿಗಾಲದ ಒಂದು ಸಂಜೆ ಐದು ಗಂಟೆಯ ಹೊತ್ತಿಗೆ. ಓರೆ ಬಿಸಿಲಿಗೆ ನೆಲದ ಹಳೇ ಏರುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಕಾಲು ನೋವಿದ್ದರೆ ಗಾಲ್ಫ್ ಕಾರ್ಟಿನಲ್ಲಿ ಕೂರಿಸಿ, ಆದರೆ ಏಳನೆಯ ಹೋಲಿಗೆ ಬಂದಾಗ ಇಳಿಸಿ. ನೀವು ಏನೂ ತೋರಿಸಬೇಡಿ, ‘ಇಲ್ಲಿತ್ತಾ ಅಪ್ಪಯ್ಯ?’ ಅಂತ ಬಾಯಿಗೆ ಮಾತು ಇಡಬೇಡಿ. ಕೈಗೆ ಹತ್ತು ಬಿದಿರು ಕಡ್ಡಿ ಕೊಟ್ಟು, ಚಹಾ ತಟ್ಟೆ ಹಿಡಿದು ಗ್ರೀನಿನ ಹುಲ್ಲಿಗೆ ಕಾಲಿಡದೆ ನೀವು ನಿಲ್ಲುತ್ತಿದ್ದದ್ದು ಎಲ್ಲಿ, ಅಲ್ಲಿ ಚುಚ್ಚಿ ಅಂತ ಹೇಳಿ. ಮೂವತ್ತೈದು ವರ್ಷ ಆ ಗೆರೆ ದಾಟದೆ ನಿಂತವರಿಗೆ ಅದು ಕಾಲಿಗೇ ಗೊತ್ತಿರುತ್ತದೆ. ಅವರು ಚುಚ್ಚಿದ ಕಡ್ಡಿಯಿಂದ ಒಂದು ಹೆಜ್ಜೆ ಒಳಗೆ, ಒಂದು ಹೆಜ್ಜೆ ಹೊರಗೆ ಕೊಳವೆ ಇಳಿಸಿ ನೋಡಿ, ಏನು ಸಿಕ್ಕಿತು ಅಂತ ಬರೆಯಿರಿ.